ನಿಯರ್ ಯುಎನ್‌ಸಿ: ಒಂದು ಹಂದಿ ರೂಪಾಯಿಯ ಪ್ರಕರಣ

ಮೊದಲು ಆ ನಾಣ್ಯದ ವ್ಯಾಪಾರಿ ಕಳಿಸಿದ ಮೆಸೇಜನ್ನೇ ಹಾಕಿಬಿಡುತ್ತೇನೆ, ಪ್ರಕರಣ ಪೂರ್ತಿ ಅದರೊಳಗೇ ಇದೆ. ವಾಟ್ಸಾಪ್‌ನಲ್ಲಿ ಎರಡು ಫೋಟೋ, ಕೆಳಗೆ ಇಷ್ಟು: "1911 ಪಿಗ್ ರುಪಿ, ಕಲ್ಕತ್ತಾ, ನಿಯರ್ ಯುಎನ್‌ಸಿ, ಫುಲ್ ಲಸ್ಟರ್, ಪಿಗ್ ವೆರಿ ಕ್ಲಿಯರ್, ಸ್ಕೇರ್ಸ್ ಇನ್ ದಿಸ್ ಗ್ರೇಡ್. ಗ್ರೇಡ್ ಆಸ್ ಪರ್ ಫೋಟೋ." ನಿಯರ್ ಯುಎನ್‌ಸಿ ಅಂದರೆ ಹೆಚ್ಚುಕಡಿಮೆ ಬಳಸದ ನಾಣ್ಯ ಅಂತ. ಬೆಲೆ 11,500. ನಾನು ಸ್ವಲ್ಪ ಚೌಕಾಸಿ ಮಾಡಿ 11,000ಕ್ಕೆ ತಗೊಂಡೆ. ಒಂದೂವರೆ ವರ್ಷ ಆದ ಮೇಲೆ ಅದೇ ನಾಣ್ಯವನ್ನು 3,200ಕ್ಕೆ ಮಾರಿದೆ. ನಡುವಿನ 7,800 ರೂಪಾಯಿ ಎಲ್ಲಿ ಹೋಯಿತು ಅಂತ ಬಿಡಿಸಿ ಹೇಳುವುದಷ್ಟೇ ನನ್ನ ಕೆಲಸ.

ವ್ಯಾಪಾರಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಅವನೊಬ್ಬನೇ ಹಾಗೆ ಅಂದುಕೊಂಡು ನೀವು ಪಕ್ಕದ ಅಂಗಡಿಗೆ ನೆಮ್ಮದಿಯಾಗಿ ಹೋಗಿಬಿಡುತ್ತೀರಿ.

ಹಂದಿ ರೂಪಾಯಿ ಗೊತ್ತಿಲ್ಲದವರಿಗೆ ಎರಡು ಮಾತು. ಐದನೇ ಜಾರ್ಜ್ ಪಟ್ಟಕ್ಕೆ ಬಂದ ಮೇಲೆ 1911ರಲ್ಲಿ ಹೊಸ ರೂಪಾಯಿ ಅಚ್ಚಾಯಿತು. ಚಿತ್ರ ಬರ್ಟ್ರಮ್ ಮೆಕೆನಾಲ್ ಅವರದು. ರಾಜನ ಎದೆಯ ಮೇಲಿನ ಹಾರದಲ್ಲಿ ಒಂದು ಪುಟ್ಟ ಆನೆ ಇದೆ. ಸೊಂಡಿಲು ಗಿಡ್ಡವಾಗಿ ಬಂದುಬಿಟ್ಟಿತ್ತು. ಜನರ ಕಣ್ಣಿಗೆ ಅದು ಆನೆಯಾಗಿ ಕಾಣಲಿಲ್ಲ, ಹಂದಿಯಾಗಿ ಕಂಡಿತು. ಮುಸ್ಲಿಮರಿಂದ ವಿರೋಧ ಬಂತು. ಸರ್ಕಾರ ನಾಣ್ಯವನ್ನು ವಾಪಸ್ ತೆಗೆದುಕೊಂಡು ಕರಗಿಸಿತು, 1912ರ ಅಚ್ಚಿನಲ್ಲಿ ಸೊಂಡಿಲು ಉದ್ದ ಮಾಡಿತು. ಕಲ್ಕತ್ತಾ ಮತ್ತು ಬಾಂಬೆ ಟಂಕಸಾಲೆ ಸೇರಿ ಸುಮಾರು 94 ಲಕ್ಷ ಅಚ್ಚಾಗಿತ್ತು, ಹೊರಗೆ ಬಂದದ್ದು 7 ಲಕ್ಷದಷ್ಟು. ಅದರಲ್ಲೂ ಎಷ್ಟೋ ಮತ್ತೆ ಒಲೆಗೆ ಹೋದವು. ಹಿಂಬದಿಯಲ್ಲಿ ಕೆಳಗಿರುವ ಕಮಲದ ಕೆಳಗೆ ಚುಕ್ಕೆ ಇದ್ದರೆ ಬಾಂಬೆ, ಇಲ್ಲದಿದ್ದರೆ ಕಲ್ಕತ್ತಾ.

ನಾನು ಕೂಡಿಸುತ್ತಿದ್ದದ್ದು 1911ರಿಂದ 1922ರವರೆಗಿನ ಜಾರ್ಜ್ ರೂಪಾಯಿಗಳನ್ನು, ವರ್ಷಕ್ಕೊಂದು. ಮೊದಲನೆಯದೇ ಇರಲಿಲ್ಲ. ಆಲ್ಬಮ್ಮಿನಲ್ಲಿ ಮೊದಲ ಜೇಬು ಖಾಲಿ ಇದ್ದರೆ ಎಷ್ಟು ಕೊರೆಯುತ್ತೆ ಅಂತ ಸಂಗ್ರಹಕಾರರಿಗೆ ಮಾತ್ರ ಗೊತ್ತು. ಆ ಕೊರೆತ ವ್ಯಾಪಾರಿಗೂ ಗೊತ್ತಿತ್ತು, ಯಾಕೆಂದರೆ ನಾನೇ ಅವನಿಗೆ ಮೂರು ಸಲ ಹೇಳಿದ್ದೆ. ಇದು ನನ್ನ ಮೊದಲ ತಪ್ಪು.

ನಾಣ್ಯ ಕೊರಿಯರ್‌ನಲ್ಲಿ ಬಂತು. ಹೊಳೆಯುತ್ತಿತ್ತು. ಹಂದಿ ಕಾಣುತ್ತಿತ್ತು. ನಾನು ಪ್ಲಾಸ್ಟಿಕ್ ಕವರಿನಿಂದ ಹೊರಗೂ ತೆಗೆಯಲಿಲ್ಲ, ಬೆರಳಚ್ಚು ಬೀಳುತ್ತೆ ಅಂತ. ಹಾಗೇ ಆಲ್ಬಮ್ಮಿಗೆ ಹಾಕಿದೆ. ಇದು ಎರಡನೆಯ ತಪ್ಪು, ಮತ್ತು ದೊಡ್ಡದು. ಆವತ್ತೇ ಹೊರಗೆ ತೆಗೆದು ನೋಡಿದ್ದರೆ ವಾಪಸ್ ಕೊಡುವ ದಾರಿ ಇತ್ತು.

ಎಂಟು ತಿಂಗಳಾದ ಮೇಲೆ ಬೆಂಗಳೂರಿನ ಒಂದು ನಾಣ್ಯ ಪ್ರದರ್ಶನಕ್ಕೆ ಹೋದಾಗ ಆಲ್ಬಮ್ ಜೊತೆಗೇ ಇತ್ತು. ಹಿರಿಯ ಸಂಗ್ರಹಕಾರರೊಬ್ಬರು ಪುಟ ತಿರುಗಿಸುತ್ತಾ ಮೊದಲ ಜೇಬಿನಲ್ಲೇ ನಿಂತರು. "ತೆಗೀಲಾ?" ಅಂದರು. ಅಂಚಿನಲ್ಲಿ ಹಿಡಿದು, ಟ್ಯೂಬ್‌ಲೈಟ್ ಕೆಳಗೆ ನಿಧಾನವಾಗಿ ವಾಲಿಸಿದರು. ಮಾತಿಲ್ಲ. ಆಮೇಲೆ ಲೂಪ್, ಅಂದರೆ ಸಣ್ಣ ಭೂತಗನ್ನಡಿ, ತೆಗೆದು ನಾಣ್ಯದ ಮುಖವನ್ನಲ್ಲ, ಅಂಚನ್ನು ಸುತ್ತ ತಿರುಗಿಸಿ ನೋಡಿದರು. ಕಿರೀಟದ ನೆತ್ತಿಯ ಮೇಲೆ, ಗಡಿಯಾರದಲ್ಲಿ 12 ಇರುವ ಜಾಗದಲ್ಲಿ, ಬೆರಳಿಟ್ಟರು. "ಇಲ್ಲಿ ಕೊಂಡಿ ಇತ್ತು."

ನೋಡಿದೆ. ಅಂಚಿನ ಗೆರೆಗಳು ಸುತ್ತಲೂ ಇವೆ, ಅಲ್ಲಿ ಮಾತ್ರ ಭತ್ತದ ಕಾಳಿನಷ್ಟು ಅಗಲಕ್ಕೆ ನುಣ್ಣಗಾಗಿದೆ. ಯಾರೋ ಅರದಲ್ಲಿ ಉಜ್ಜಿದ್ದಾರೆ. ಪಕ್ಕದಲ್ಲಿ ಬೆಸುಗೆಯ ಒಂದು ಬೂದು ಹನಿ ಇನ್ನೂ ಅಂಟಿಕೊಂಡಿದೆ. ಅಂದರೆ ಈ ರೂಪಾಯಿ ಒಂದು ಕಾಲದಲ್ಲಿ ಯಾರದೋ ಕೊರಳಲ್ಲಿತ್ತು. ನಮ್ಮಲ್ಲಿ ಇದು ವಿಶೇಷವೇನಲ್ಲ. ಲಂಬಾಣಿ ಹೆಣ್ಣುಮಕ್ಕಳ ಸರ, ಮಗುವಿನ ಉಡಿದಾರ, ಎಲ್ಲದಕ್ಕೂ ಬೆಳ್ಳಿ ರೂಪಾಯಿ ಕಟ್ಟಿಸುತ್ತಿದ್ದರು. ಅದು ಕೆಟ್ಟದ್ದಂತೂ ಅಲ್ಲವೇ ಅಲ್ಲ. ನನಗೆ ಹೇಳದೆ ಮಾರಿದ್ದಷ್ಟೇ ಕೆಟ್ಟದ್ದು.

ಮನೆಗೆ ಬಂದು ತೂಗಿದೆ. ಬೆಳ್ಳಿ ರೂಪಾಯಿ ಅಚ್ಚಾದಾಗ 11.66 ಗ್ರಾಂ ಇರಬೇಕು, ಒಂದು ತೊಲ. ನನ್ನದು 11.49. ನಿಯರ್ ಯುಎನ್‌ಸಿ ಅಂದ ಮೇಲೆ ಇಷ್ಟು ಬೆಳ್ಳಿ ಎಲ್ಲಿ ಹೋಯಿತು? ಒಂದಿಷ್ಟು ಅರದ ಪಾಲು, ಉಳಿದದ್ದು ಸವೆತ. ಕಿರೀಟದ ಮುತ್ತುಗಳು ಬಿಡಿಬಿಡಿಯಾಗಿರುವ ಬದಲು ಒಂದಕ್ಕೊಂದು ಸೇರಿ ದಾರದ ಹಾಗಾಗಿದ್ದವು. ಕಿವಿಯ ಮೇಲಿನ ಕೂದಲು ಚಪ್ಪಟೆ. ಮೀಸೆ ಗಡ್ಡ ಸೇರುವ ಕಡೆ ಗೆರೆಗಳೇ ಇಲ್ಲ. ಇದು ಒಳ್ಳೆ ವಿಎಫ್, ಅಂದರೆ ವೆರಿ ಫೈನ್, ಓಡಾಡಿ ಮಧ್ಯಮವಾಗಿ ಸವೆದದ್ದು. ಅದಕ್ಕಿಂತ ಒಂದು ಮೆಟ್ಟಿಲೂ ಮೇಲಲ್ಲ. ಹೊಳಪು ಇದನ್ನೆಲ್ಲ ಮುಚ್ಚಿತ್ತು, ಅಥವಾ ನಾನೇ ಹೊಳಪಿನ ಹಿಂದೆ ನೋಡಿರಲಿಲ್ಲ.

ಈಗ ಆ ಮೆಸೇಜನ್ನು ಪದಪದವಾಗಿ ಬಿಡಿಸೋಣ. ಇದನ್ನು ಮಾಡಲು ಶುರು ಮಾಡಿದಾಗ ನನಗೆ ಸಿಟ್ಟಿತ್ತು. ಮುಗಿಸುವಾಗ ಬರೆದವನ ಜಾಣತನಕ್ಕೆ ತಲೆದೂಗಿದೆ, ನಿಜ ಹೇಳುತ್ತೇನೆ.

ನಿಯರ್ ಯುಎನ್‌ಸಿ. ಯುಎನ್‌ಸಿ ಅಂದರೆ ಅನ್‌ಸರ್ಕ್ಯುಲೇಟೆಡ್, ಕೈಯಿಂದ ಕೈಗೆ ಓಡಾಡದ ನಾಣ್ಯ. ಅಮೆರಿಕದ 70ರ ಅಳತೆಯಲ್ಲಿ 60ರಿಂದ ಮೇಲಿರುವುದು ಅದು. ಕೆಳಗೆ ಅಬೌಟ್ ಯುಎನ್‌ಸಿ ಇದೆ, 50, 53, 55, 58 ಅಂತ ಮನೆಗಳು, ಅತಿ ಎತ್ತರದ ಜಾಗಗಳಲ್ಲಿ ಮಾತ್ರ ಚೂರು ತಿಕ್ಕಿದ ಗುರುತು. ಅದರ ಕೆಳಗೆ ಎಕ್ಸ್‌ಎಫ್, ಅಂದರೆ ಎಕ್ಸ್‌ಟ್ರೀಮ್ಲಿ ಫೈನ್, 40 ಮತ್ತು 45. ಆಮೇಲೆ ವಿಎಫ್, 20ರಿಂದ 35. ಈ ಪಟ್ಟಿಯಲ್ಲಿ ನಿಯರ್ ಅನ್ನುವ ಮನೆಯೇ ಇಲ್ಲ. ಎಷ್ಟು ಹತ್ತಿರ ಇದ್ದರೆ ನಿಯರ್? ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಹುಡುಗ ಪಾಸಿನ ಹತ್ತಿರ ಬಂದಿದ್ದ ಅಂದರೆ ಏನರ್ಥ? ಫೇಲು ಅಂತ ಅರ್ಥ. ಆದರೆ ಕಿವಿಗೆ ಬೀಳುವುದು ಪಾಸು ಅನ್ನುವ ಪದ ಮಾತ್ರ. ನನಗೂ ಯುಎನ್‌ಸಿ ಮಾತ್ರ ಕೇಳಿಸಿತ್ತು.

ಈ ಪದಗಳ ಗೊಂದಲ ನಮ್ಮಲ್ಲಿ ಜಾಸ್ತಿ. ಬ್ರಿಟಿಷರ ಮಾತು ಅರ್ಧ, ಅಮೆರಿಕನ್ನರದು ಅರ್ಧ. ಇಂಗ್ಲೆಂಡಿನ ಕ್ಯಾಟಲಾಗಿನಲ್ಲಿ ಗುಡ್ ವಿಎಫ್ ಅಂದರೆ ವಿಎಫ್‌ಗಿಂತ ಚೂರು ಮೇಲು, ಅಮೆರಿಕದಲ್ಲಿ ಬರೀ ಗುಡ್ ಅಂದರೆ ಚೆನ್ನಾಗಿ ಸವೆದುಹೋದ ನಾಣ್ಯ, ಅಂಕ 4 ಅಥವಾ 6. ಎರಡನ್ನೂ ಓದಿದ ವ್ಯಾಪಾರಿ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾನೆ. ಇನ್ನು ವಿಎಫ್/ಎಕ್ಸ್‌ಎಫ್ ಅಂತ ಗೆರೆ ಹಾಕಿ ಬರೆಯುವುದಿದೆ. ಮುಂಭಾಗ ವಿಎಫ್, ಹಿಂಭಾಗ ಎಕ್ಸ್‌ಎಫ್ ಅಂತ ಅದರ ಅರ್ಥ. ಬೆಲೆ ಮಾತ್ರ ಯಾವಾಗಲೂ ಎಕ್ಸ್‌ಎಫ್‌ನದು.

ಫುಲ್ ಲಸ್ಟರ್. ಇಲ್ಲೇ ನಾನು ಬಿದ್ದದ್ದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅಚ್ಚು ಬಡಿದಾಗ ಲೋಹ ನಡುವಿನಿಂದ ಅಂಚಿನ ಕಡೆ ಹರಿಯುತ್ತೆ, ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಬೀಳುತ್ತವೆ. ನಾಣ್ಯವನ್ನು ವಾಲಿಸಿದರೆ ಬೆಳಕು ಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತೆ. ಅದು ಲಸ್ಟರ್. ಒಮ್ಮೆ ಹೋದರೆ ಯಾವ ಪುಡಿ ಹಾಕಿ ತಿಕ್ಕಿದರೂ ವಾಪಸ್ ಬರುವುದಿಲ್ಲ. ತಿಕ್ಕಿದರೆ ಬರುವುದು ಹೊಳಪು, ಹಬ್ಬದ ದಿನ ಬೆಳ್ಳಿ ತಟ್ಟೆ ಹೊಳೆಯುತ್ತದಲ್ಲ, ಹಾಗೆ. ಎಲ್ಲ ಕಡೆ ಒಂದೇ ಸಮ, ವಾಲಿಸಿದರೂ ಬೆಳಕು ಕದಲುವುದಿಲ್ಲ. ಆ ಹಿರಿಯರು ಟ್ಯೂಬ್‌ಲೈಟ್ ಕೆಳಗೆ ವಾಲಿಸಿ ನೋಡಿದ್ದು ಇದನ್ನೇ. ನನ್ನ ನಾಣ್ಯದಲ್ಲಿ ಏನೂ ಸುತ್ತಲಿಲ್ಲ. ಲೂಪ್‌ನಲ್ಲಿ ನೋಡಿದರೆ ರಾಜನ ಮುಖದ ಮುಂದಿನ ಬಯಲಲ್ಲಿ ಒಂದೇ ದಿಕ್ಕಿಗೆ ಎಳೆದ ಕೂದಲಿನಂಥ ಗೀರುಗಳು. ಬಟ್ಟೆಯಲ್ಲೋ ಬ್ರಷ್‌ನಲ್ಲೋ ಉಜ್ಜಿದ್ದು.

ಯಾರನ್ನು ಬೈಯಲಿ? ನಮ್ಮ ಮನೆಯಲ್ಲೇ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಜ್ಜಿ ಡಬ್ಬಿಯಿಂದ ಬೆಳ್ಳಿ ರೂಪಾಯಿಗಳನ್ನು ತೆಗೆದು ಹುಣಸೆಹುಳಿ, ವಿಭೂತಿ ಹಾಕಿ ತಿಕ್ಕುತ್ತಿದ್ದರು, ನಾನೇ ಪಕ್ಕದಲ್ಲಿ ಕೂತು ತೊಳೆದುಕೊಡುತ್ತಿದ್ದೆ. ಮನೆಮನೆಯಲ್ಲೂ ವರ್ಷಕ್ಕೊಂದು ಸಲ ಹೀಗೆ. ಎಷ್ಟು ಎಕ್ಸ್‌ಎಫ್‌ಗಳು ನಮ್ಮ ಬಚ್ಚಲಲ್ಲಿ ವಿಎಫ್ ಆದವೋ ಲಕ್ಷ್ಮಿಗೇ ಗೊತ್ತು. ಇಂಥ ನಾಣ್ಯಗಳ ಅಕ್ಷರದ ಸಂದಿಯಲ್ಲಿ ಕುಂಕುಮದ ಕೆಂಪು ಸಿಗುವುದೂ ಉಂಟು. ನಿಜ ಹೇಳಬೇಕೆಂದರೆ ನನಗೆ ಆ ಕೆಂಪು ಇಷ್ಟ. ಹಾಗಂತ ಅದನ್ನು ಫುಲ್ ಲಸ್ಟರ್ ಅಂತ ಕರೆಯಲಾಗುತ್ತಾ?

ಪಿಗ್ ವೆರಿ ಕ್ಲಿಯರ್. ಇದು ನೂರಕ್ಕೆ ನೂರು ನಿಜ. ಹಂದಿ ಚೆನ್ನಾಗಿಯೇ ಕಾಣುತ್ತಿತ್ತು. ಸುಳ್ಳಿನ ನಡುವೆ ಒಂದು ಗಟ್ಟಿ ನಿಜ ಇಟ್ಟರೆ ಉಳಿದದ್ದೂ ನಿಜದ ಹಾಗೆ ಕೇಳಿಸುತ್ತೆ. ಒಂದು ಗುರುತು ಸ್ಪಷ್ಟ ಇರುವುದಕ್ಕೂ ಇಡೀ ನಾಣ್ಯ ಸವೆದಿಲ್ಲ ಅನ್ನುವುದಕ್ಕೂ ಸಂಬಂಧ ಇಲ್ಲ.

ಸ್ಕೇರ್ಸ್ ಇನ್ ದಿಸ್ ಗ್ರೇಡ್. ಯಾವ ಗ್ರೇಡ್‌ನಲ್ಲಿ? ಆ ಗ್ರೇಡೇ ಇಲ್ಲವಲ್ಲ. ಮುಂದಕ್ಕೆ ಹೋಗೋಣ.

ಗ್ರೇಡ್ ಆಸ್ ಪರ್ ಫೋಟೋ. ಇಡೀ ಸಾಲಿನಲ್ಲಿ ವ್ಯಾಪಾರಿಯನ್ನು ಕಾಪಾಡಿದ್ದು ಈ ನಾಲ್ಕು ಪದ. ಅರ್ಥ ಇಷ್ಟೇ: ನಾನು ಏನು ಬರೆದಿದ್ದೇನೋ ಅದನ್ನು ನಂಬಬೇಡ, ನೀನೇ ನೋಡಿಕೋ. ಆದರೆ ನೋಡಲು ಕೊಟ್ಟದ್ದು ಏನು? ನೇರ ಎದುರಿನಿಂದ ಬೆಳಕು ಬಿಟ್ಟು ತೆಗೆದ ಎರಡು ಚಿತ್ರ. ಅಂಥ ಬೆಳಕಿನಲ್ಲಿ ಗೀರುಗಳು ಕಾಣುವುದಿಲ್ಲ, ಓರೆ ಬೆಳಕು ಬೇಕು. ನಾಣ್ಯಕ್ಕೆ ಎರಡು ಮುಖ ಅಂತಾರೆ. ಮೂರನೆಯದೊಂದಿದೆ, ಅಂಚು. ಅದರ ಫೋಟೋ ಇರಲೇ ಇಲ್ಲ. ನನ್ನ 7,800ರಲ್ಲಿ ದೊಡ್ಡ ಪಾಲು ಅಲ್ಲೇ ಇತ್ತು.

ಇಷ್ಟರ ಮೇಲೂ ನನಗೊಂದು ಅನುಮಾನ ಉಳಿದಿತ್ತು. ಪಾಪ, ಅವನಿಗೇ ಗೊತ್ತಿರಲಿಲ್ಲವೇನೋ? ಲಾಟಿನಲ್ಲಿ ಬಂದದ್ದು, ಬೇಗ ಬೇಗ ಬರೆದಿರಬಹುದು. ಅದಕ್ಕೆ ಒಂದು ಭಾನುವಾರ ಕೂತು ಅವನು ಹಿಂದಿನ ಎರಡು ವರ್ಷ ನನಗೆ ಕಳಿಸಿದ್ದ ಮೆಸೇಜುಗಳನ್ನೆಲ್ಲ ಹಿಂದಕ್ಕೆ ಎಳೆದೆಳೆದು ಓದಿದೆ. ಈ ಕೆಲಸ ಯಾರು ಬೇಕಾದರೂ ಮಾಡಬಹುದು, ಖರ್ಚಿಲ್ಲ, ನಾನು ಕೊಳ್ಳುವ ಮೊದಲೇ ಮಾಡಬೇಕಿತ್ತು. ಕೆಲವು ನಾಣ್ಯಗಳಿಗೆ ಅವನು ಬರೆದಿದ್ದ: ನ್ಯಾಚುರಲ್ ಟೋನಿಂಗ್ (ತಾನಾಗೇ ಬಂದ ಬಣ್ಣ), ಅನ್‌ಕ್ಲೀನ್ಡ್, ನೋ ಮೌಂಟ್ (ಕೊಂಡಿ ಹಾಕಿಲ್ಲ), ಎಡ್ಜ್ ಪರ್ಫೆಕ್ಟ್. ಅವುಗಳ ಜೊತೆ ಅಂಚಿನ ಫೋಟೋ ಕೂಡ ಇತ್ತು. ಉಳಿದವುಗಳಿಗೆ ಬರೀ ಲಸ್ಟರ್, ಶೈನಿಂಗ್, ಟಾಪ್ ಪೀಸ್, ಸೂಪರ್ಬ್. ಅಂದರೆ ಚೆನ್ನಾಗಿದ್ದಾಗ ಹೇಳುತ್ತಾನೆ, ಇಲ್ಲದಾಗ ಸುಮ್ನೆ ಇರುತ್ತಾನೆ. ಗೊತ್ತಿಲ್ಲದವನ ಮೌನ ಹೀಗೆ ಲೆಕ್ಕ ಹಾಕಿ ಬರುವುದಿಲ್ಲ.

ನನ್ನ ಪ್ರಕಾರ ಇಡೀ ಪ್ರಕರಣದ ತಿರುಳು ಇದು. ಗ್ರೇಡ್ ಅನ್ನುವುದು ಮೂಲತಃ ಸವೆತದ ಅಳತೆ. ತೊಳೆದದ್ದು, ಕೊಂಡಿ ಹಾಕಿದ್ದು, ತೂತು ಮುಚ್ಚಿದ್ದು, ಇವೆಲ್ಲ ಬೇರೆ ಲೆಕ್ಕ. ವ್ಯಾಪಾರಿ ಸವೆತದ ಪದವನ್ನು ಜೋರಾಗಿ ಹೇಳಿ ಇನ್ನೊಂದು ಲೆಕ್ಕವನ್ನು ತೆರೆಯುವುದೇ ಇಲ್ಲ. ಅವನ ವಿವರಣೆಯಲ್ಲಿ ಯಾವ ಪದ ಇಲ್ಲ ಅಂತ ಓದಲು ಕಲಿಯಬೇಕು.

ಫೋನ್ ಮಾಡಿದೆ. ಮಾತುಕತೆ ಚಿಕ್ಕದು.

"ಸರ್, ನಾನು ಯುಎನ್‌ಸಿ ಅಂತ ಎಲ್ಲಿ ಬರೆದಿದ್ದೇನೆ? ನಿಯರ್ ಅಂತ ಬರೆದಿದ್ದೇನೆ."

"ಕೊಂಡಿ ತೆಗೆದದ್ದು ಹೇಳಲಿಲ್ಲವಲ್ಲ?"

"ನೀವು ಕೇಳಲಿಲ್ಲವಲ್ಲ?"

ಆಮೇಲೆ ಬೇಕಾದರೆ ಬೇರೆ ನಾಣ್ಯಕ್ಕೆ ಬದಲಿ ಹಾಕಿಕೊಡುತ್ತೇನೆ, ಇದನ್ನು 4,000ಕ್ಕೆ ಹಿಡಿಯುತ್ತೇನೆ ಅಂದ. ಯಾಕೆ ಅಷ್ಟು ಕಡಿಮೆ ಅಂದಿದ್ದಕ್ಕೆ, ಒಂಚೂರೂ ತಡವರಿಸದೆ, "ಸರ್, ಅದು ವಿಎಫ್ ಅಲ್ವಾ, ಪಾಲಿಶ್ ಬೇರೆ ಆಗಿದೆ" ಅಂದ. ಎಂಟು ತಿಂಗಳ ಮೇಲೆ ಅವನ ಬಾಯಿಂದ ಸರಿಯಾದ ಗ್ರೇಡ್ ಬಂತು. ಬದಲಿ ಬೇಡ ಅಂದೆ.

ನ್ಯಾಯವಾಗಿ ಹೇಳಬೇಕೆಂದರೆ ವ್ಯಾಪಾರಿಗಳ ಮಾತೂ ಒಂದಿದೆ. ನಾನು ತುಂಬಾ ನಂಬುವ ಇನ್ನೊಬ್ಬರು ಅದನ್ನು ಹೀಗೆ ಹೇಳಿದರು: ನಾನು ವಿಎಫ್ ಅಂತ ಬರೆದು ಪಕ್ಕದವನು ಅದೇ ಥರದ ನಾಣ್ಯಕ್ಕೆ ಎಕ್ಸ್‌ಎಫ್ ಅಂತ ಬರೆದರೆ ಜನ ನನ್ನದನ್ನು ತೆರೆದೂ ನೋಡುವುದಿಲ್ಲ. ಆದ್ದರಿಂದ ಎಲ್ಲರೂ ಒಂದು ಮೆಟ್ಟಿಲು ಮೇಲೆ ಬರೆಯುತ್ತಾರೆ, ಕೊಳ್ಳುವವರು ಮನಸ್ಸಿನಲ್ಲೇ ಒಂದು ಮೆಟ್ಟಿಲು ಕಳೆದುಕೊಳ್ಳುತ್ತಾರೆ. ಕಳೆಯಲು ಗೊತ್ತಿಲ್ಲದ ಹೊಸಬನೇ ಪೂರ್ತಿ ದುಡ್ಡು ಕೊಡುವವನು. ಇದರಲ್ಲಿ ನಿಜ ಇದೆ. ಆದರೆ ಒಂದು ಮೆಟ್ಟಿಲು ಏರಿಸುವುದು ಬೇರೆ, ಅಂಚನ್ನು ಬಚ್ಚಿಡುವುದು ಬೇರೆ.

ಹಾಗಾದರೆ ಗ್ರೇಡಿಂಗ್ ಕಂಪನಿಗೆ ಕಳಿಸಬಹುದಿತ್ತಲ್ಲ ಅಂತ ಕೇಳುತ್ತೀರಿ. ಅಮೆರಿಕದಲ್ಲಿ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಶುರುವಾದದ್ದು ಇದೇ ಜಗಳಕ್ಕೆ. ಮಾರುವವನೂ ಅಲ್ಲದ ಕೊಳ್ಳುವವನೂ ಅಲ್ಲದ ಮೂರನೆಯವನು ನೋಡಿ, ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡುತ್ತಾನೆ. ತೊಳೆದ ನಾಣ್ಯ, ಕೊಂಡಿ ತೆಗೆದ ನಾಣ್ಯ ಆದರೆ ಅಂಕ ಇಲ್ಲ, ವಿಎಫ್ ಡೀಟೇಲ್ಸ್ ಅಂತ ಬರೆದು ದೋಷದ ಹೆಸರನ್ನೂ ಹಾಕುತ್ತಾನೆ. ಎರಡು ಲೆಕ್ಕವೂ ಒಂದೇ ಚೀಟಿಯಲ್ಲಿ. ಆದರೆ ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಅದನ್ನು ನಾವು ನೀವು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. 1911ರ ರೂಪಾಯಿ ಆ ಗೆರೆಯ ಆಚೆ ಇದೆ. ಅಮೆರಿಕಕ್ಕೆ ಅಂಚೆ ಮಾಡುವ ದಾರಿ ನನಗೆ ಅಲ್ಲಿಗೆ ಮುಚ್ಚಿತು.

ಆ 70ರ ಅಳತೆಯ ಹುಟ್ಟಿನ ಕಥೆ ಕೂಡ ಮಜವಾಗಿದೆ. ವಿಲಿಯಂ ಶೆಲ್ಡನ್ ಅನ್ನುವವರು 1949ರಲ್ಲಿ ಅಮೆರಿಕದ ಹಳೆ ತಾಮ್ರದ ಸೆಂಟ್‌ಗಳಿಗಾಗಿ ಇದನ್ನು ಮಾಡಿದ್ದು. ಗ್ರೇಡ್ 1 ಇರುವ ನಾಣ್ಯಕ್ಕೆ ಒಂದು ಡಾಲರ್ ಅಂದುಕೊಂಡರೆ 70 ಇರುವುದಕ್ಕೆ 70 ಡಾಲರ್. ಅಂದರೆ ಈ ಅಂಕ ಹುಟ್ಟಿದ್ದೇ ಬೆಲೆ ಲೆಕ್ಕ ಹಾಕಲು. ಅದೇ ಶೆಲ್ಡನ್ ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮಾಟಿಕ್ ಸೊಸೈಟಿಯ ಸಂಗ್ರಹದಿಂದ ಒಳ್ಳೊಳ್ಳೆ ಸೆಂಟ್‌ಗಳನ್ನು ತೆಗೆದು ತನ್ನ ಕೆಳದರ್ಜೆಯವನ್ನು ಆ ಜಾಗದಲ್ಲಿ ಇಟ್ಟಿದ್ದು ಆತ ಸತ್ತ ಮೇಲೆ ಗೊತ್ತಾಯಿತು. ಅಳತೆಗೋಲು ಮಾಡಿದವನಿಗೇ ಅದರ ಒಂದೊಂದು ಮೆಟ್ಟಿಲಿನ ಬೆಲೆ ಸರಿಯಾಗಿ ಗೊತ್ತಿತ್ತು, ಅಲ್ವಾ.

ಇನ್ನೊಂದು ಮಾತು. ಯಂತ್ರದಲ್ಲಿ ಅಚ್ಚಾದ ಜಾರ್ಜ್ ರೂಪಾಯಿಗಾದರೆ ಈ ಪದಗಳು ಹೇಗೋ ಹೊಂದುತ್ತವೆ. ಶ್ರೀರಂಗಪಟ್ಟಣದಲ್ಲಿ ಕೈಯಿಂದ ಬಡಿದ ಟಿಪ್ಪುವಿನ ತಾಮ್ರದ ಪೈಸೆ, ಜೊಹ್ರಾ ಅಂತಾರಲ್ಲ, ಅದಕ್ಕೂ ಎಕ್ಸ್‌ಎಫ್ ಅಂತ ಬರೆದು ಮಾರುತ್ತಾರೆ. ಸವೆತ ಇಲ್ಲ, ಸರಿ. ಆದರೆ ಆನೆಯ ಅರ್ಧ ಮೈ ಬಿಲ್ಲೆಯ ಹೊರಗೇ ಉಳಿದಿದೆ. ಅಲ್ಲಿ ಕೇಳಬೇಕಾದ್ದು ಅಚ್ಚು ನಡುವೆ ಬಿದ್ದಿದೆಯಾ, ಟಂಕಸಾಲೆಯ ಹೆಸರು ಓದಲು ಬರುತ್ತಾ ಅಂತ. ಅದೇ ಒಂದು ದೊಡ್ಡ ಕಥೆ, ಇಲ್ಲಿ ಬೇಡ.

ಕೊನೆಗೆ ಬೇರೊಂದು 1911 ಸಿಕ್ಕಿತು, ಬಾಂಬೆಯದು, ಕಪ್ಪಗೆ, ಯಾರೂ ಮುಟ್ಟದ್ದು. ಹಳೆಯದನ್ನು ಮಾರಬೇಕಿತ್ತು. ಫೋಟೋ ತೆಗೆದೆ, ಬರೆಯಲು ಕೂತೆ. ನನ್ನ ಬೆರಳು ತಾನಾಗೇ ಟೈಪ್ ಮಾಡಿದ್ದು: "ವಿಎಫ್+, ಗುಡ್ ಶೈನ್." ಆ ಪ್ಲಸ್ ಎಲ್ಲಿಂದ ಬಂತು? ಶೈನ್ ಅಂತ ಯಾಕೆ ಬರೆದೆ? 11,000 ಕೊಟ್ಟಿದ್ದೇನೆ ಅನ್ನುವುದು ಬೆರಳಿಗೂ ಗೊತ್ತಿತ್ತು ಅನಿಸುತ್ತೆ. ಅಳಿಸಿದೆ. ಮತ್ತೆ ಬರೆದೆ: "1911, ಕಲ್ಕತ್ತಾ. ಸವೆತ ವಿಎಫ್. ತಿಕ್ಕಿ ತೊಳೆದದ್ದು. 12 ಗಂಟೆಯ ಜಾಗದಲ್ಲಿ ಕೊಂಡಿ ತೆಗೆದ ಗುರುತು, ಫೋಟೋ ನೋಡಿ. 11.49 ಗ್ರಾಂ. 3,500." ಫೋಟೋ ಮೂರು ಹಾಕಿದೆ.

ಹನ್ನೆರಡು ದಿನ ಯಾರೂ ಕೇಳಲಿಲ್ಲ. ಹದಿಮೂರನೆಯ ದಿನ ಒಬ್ಬ ಕಾಲೇಜು ಹುಡುಗ ಫೋನ್ ಮಾಡಿದ. ಕೊಂಡಿಯ ವಿಷಯ ಇನ್ನೊಮ್ಮೆ ಬಾಯಿಬಿಟ್ಟು ಹೇಳಿದೆ, ಬರೆದದ್ದನ್ನು ಓದಿರುವುದಿಲ್ಲ ಅಂದುಕೊಂಡು. "ಓದಿದೆ ಅಂಕಲ್, ಪರವಾಗಿಲ್ಲ" ಅಂದ. 3,200ಕ್ಕೆ ಕೊಡಿ ಅಂದ, ಕೊಟ್ಟೆ. ನಾಣ್ಯ ಕೈಗೆ ಬಂದ ತಕ್ಷಣ ಮೊಬೈಲ್ ಟಾರ್ಚ್ ಹಾಕಿ ರಾಜನ ಎದೆಯ ಹತ್ತಿರ ಕಣ್ಣಿಟ್ಟು ನೋಡಿದ.

"ಹಂದಿ ಚೆನ್ನಾಗಿ ಕಾಣುತ್ತೆ" ಅಂದ.